‘ತೋರಿಸಿ’ ಎನ್ನದೆ ಕಳೆದ ಮಳೆಗಾಲ

ಹೋದ ತಿಂಗಳು ಅಮ್ಮನ ಕಣ್ಣಿನ ಹನಿ ತರಲು ಜೆ.ಪಿ. ನಗರದ ಒಂದು ಮೆಡಿಕಲ್ ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಮನುಷ್ಯ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಚೀಟಿ ನೋಡಿದ, ಎರಡು ಬಗೆಯ ಹನಿಯ ಸೀಸೆಗಳನ್ನು ಕವರಿಗೆ ಹಾಕಿದ, ಕವರನ್ನು ನನ್ನತ್ತ ತಳ್ಳುತ್ತಾ, "ಹೆಂಗ್ ಹಾಕೋದು ಗೊತ್ತಲ್ಲ?" ಅಂದ. ಅದು ಪ್ರಶ್ನೆಯಾಗಿರಲಿಲ್ಲ. ಅಷ್ಟರಲ್ಲಾಗಲೇ ಅವನ ಕೈ ಮುಂದಿನವರ ಚೀಟಿಗೆ ಚಾಚಿತ್ತು. ಗೊತ್ತಿಲ್ಲ, ಹೇಳಿ ಅಂದೆ. ಡಾಕ್ಟರ್ ಹೇಳಿರ್ತಾರಲ್ಲ ಮೇಡಂ ಅಂದ. ಅವರು ಹೇಳಿಲ್ಲ, ನೀವೇ ಹೇಳಿ, ಯಾವುದು ಮೊದಲು, ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕು, ಸೀಸೆ ತೆರೆದ ಮೇಲೆ ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ಹೇಳಿ ಅಂದೆ. ನನ್ನ ದನಿ ಏರಿತ್ತು. ಹಿಂದೆ ನಿಂತಿದ್ದವರು ಲೊಚಗುಟ್ಟಿದರು. ಆ ಮನುಷ್ಯ ಫೋನಿಗೆ, ಒಂದ್ನಿಮಿಷ ಇರು ಗುರು, ಇಲ್ಲೊಬ್ರು ಮೇಡಂ ಇದಾರೆ, ಅಂದ.

ನಾನು ಕೇಳಿದ್ದಕ್ಕೆಲ್ಲ ಉತ್ತರ ನನಗೆ ಗೊತ್ತಿತ್ತು. ನಾನೂ ಫಾರ್ಮಸಿ ಓದಿದವಳೇ. ಈಗ ಒಂದು ಕಚೇರಿಯಲ್ಲಿ ಕೂತು ಔಷಧಿ ಡಬ್ಬಿಗಳ ಮೇಲೆ ಅಂಟಿಸುವ ಲೇಬಲ್ಲಿನ ಮಾತುಗಳನ್ನು ತಿದ್ದುತ್ತೇನೆ. ಜನರ ಮುಖ ನೋಡಬೇಕಾಗಿಲ್ಲದ ಕೆಲಸ. ಹೊರಗೆ ಬಂದು ಮೆಟ್ರೋ ಕಂಬದ ಕೆಳಗೆ ನಿಂತ ಮೇಲೂ ಸಿಟ್ಟು ಇಳಿದಿರಲಿಲ್ಲ. ಕಣ್ಣಿನ ಹನಿಗೆ ಯಾರೂ ಅಷ್ಟೊಂದು ಕೋಪ ಮಾಡಿಕೊಳ್ಳುವುದಿಲ್ಲ. ಅದು ಹಳೆಯ ಕೋಪ, ತಿಲಕ್ ನಗರದ ಒಂದು ಮಳೆಗಾಲದ್ದು. ಅದು ಆರುವುದೇ ಇಲ್ಲ ಎಂದು ಅವತ್ತು ಖಾತ್ರಿಯಾಯಿತು.

ಜನರ ಮುಖದಿಂದ ಮಾಸ್ಕು ಇಳಿದಿತ್ತು, ಆದರೆ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ಬೇರೆ ಸೀಟಿಗೆ ಹೋಗುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಅಂಥ ವರ್ಷ ಅದು. ನನಗಾಗ ಇಪ್ಪತ್ತೇಳು. ಬೇಗೂರಿನ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ತಿಲಕ್ ನಗರದ ಅಂಗಡಿಗೆ ಬರುತ್ತಿದ್ದೆ. ಜೂನಿನಲ್ಲಿ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಅಂಗಡಿಯ ಮುಂದಿನ ಚರಂಡಿ ತುಂಬಿ ಮೆಟ್ಟಿಲ ತನಕ ಬರುತ್ತಿತ್ತು, ಕೌಂಟರಿನ ಮೇಲೆ ಒದ್ದೆ ಕೊಡೆಗಳು, ಒದ್ದೆ ಚೀಟಿಗಳು. ಆ ವರ್ಷ ಊರಿಗೆ ಊರೇ ಕೆಮ್ಮುತ್ತಿತ್ತು. ಬೆಂಗಳೂರಿನ ಥಂಡಿಗೆ ಉಬ್ಬಸ ಹತ್ತಿದವರು ಬೆಳಗ್ಗೆ ನಾವು ಷಟರ್ ಎತ್ತುವ ಮೊದಲೇ ಬಂದು ನಿಂತಿರುತ್ತಿದ್ದರು.

ಓನರ್ ಪ್ರಕಾಶ್ ಸಾರ್ ಕೆಟ್ಟವರಲ್ಲ. ಒಳ್ಳೆಯವರು ಎನ್ನಲಿಕ್ಕೂ ನನಗೆ ಬಾಯಿ ಬರುವುದಿಲ್ಲ. ಕೌಂಟರಿನಲ್ಲಿ ಕ್ಯೂ ನಿಲ್ಲಬಾರದು ಎನ್ನುವುದೊಂದೇ ಅವರ ಧರ್ಮ. ನಾನು ಯಾರಿಗಾದರೂ ಎರಡು ಮಾತು ಹೆಚ್ಚು ಹೇಳಿದರೆ ಹಿಂದಿನಿಂದ ಗಂಟಲು ಸರಿ ಮಾಡಿಕೊಳ್ಳುವ ಸದ್ದು ಬರುತ್ತಿತ್ತು. ಔಷಧಿ ಹೇಗೆ ತೆಗೆದುಕೊಳ್ಳಬೇಕು ಅಂತ ತಿಳಿಸಿ ಹೇಳುವುದು ನಮ್ಮ ಕೆಲಸ ಸಾರ್, ಪಾಠದಲ್ಲೇ ಇದೆ ಅಂದರೆ, ಪಾಠ ಮಾಡಿದವರು ಅಂಗಡಿ ಇಟ್ಟಿಲ್ಲಮ್ಮ ಅನ್ನುತ್ತಿದ್ದರು. ಆ ಪಾಠದ ಬಗ್ಗೆಯೂ ನನಗೆ ಸಿಟ್ಟಿದೆ. ಕಾಲೇಜಿನ ಪ್ರಾಕ್ಟಿಕಲ್ಲಿನಲ್ಲಿ ಪಕ್ಕದ ಬೆಂಚಿನವಳೇ ರೋಗಿ. ನಾನು ಇಂಗ್ಲಿಷಿನಲ್ಲಿ ತಿಳಿಹೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲೇ ತಲೆಯಾಡಿಸುತ್ತಿದ್ದಳು. ಇಬ್ಬರಿಗೂ ಪೂರ್ತಿ ಮಾರ್ಕ್ಸು. ಹೇಳಿದ್ದು ಎದುರಿನವರಿಗೆ ಹೇಗೆ ತಲುಪಿತು ಎಂದು ನೋಡುವುದನ್ನು ಯಾರೂ ಕಲಿಸಲಿಲ್ಲ.

ಆದರೂ ಹಟ ಹಿಡಿದು ಕೌಂಟರಿನ ಕೊನೆಗೆ ಒಂದು ಸ್ಟೂಲು ಹಾಕಿಸಿದೆ. ಮೇಲೆ ಗೋಡೆಗೆ, ಔಷಧಿಯ ಬಗ್ಗೆ ಸಂಕೋಚವಿಲ್ಲದೆ ಕೇಳಿ ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದೆ. ಜನ ಕೇಳತೊಡಗಿದರು. ಕೇಳಿದ ಮೇಲೆ ಗೊತ್ತಾಯಿತು, ಮನೆಗಳಲ್ಲಿ ಏನೇನು ನಡೆಯುತ್ತಿದೆ ಎಂದು. ಮಗುವಿನ ಸಿರಪ್ಪಿನ ಪುಡಿಗೆ ನೀರು ಬೆರೆಸದೆ ಚಮಚದಲ್ಲಿ ನೆಕ್ಕಿಸುತ್ತಿದ್ದ ತಾಯಿ. ಇನ್ಸುಲಿನ್ ಕೆಡಬಾರದೆಂದು ಐಸ್ ಟ್ರೇ ಪಕ್ಕದಲ್ಲಿಟ್ಟು ಗಟ್ಟಿ ಮಾಡಿದ್ದ ರಿಟೈರ್ಡ್ ಮೇಷ್ಟ್ರು. ಬಿ.ಪಿ. ಮಾತ್ರೆ ಊಟವಾದ ಮೇಲೆ ಎಂದಿದ್ದಕ್ಕೆ ಉಪವಾಸದ ದಿನವೆಲ್ಲ ಮಾತ್ರೆ ಬಿಟ್ಟು ತಲೆಸುತ್ತಿ ಬಿದ್ದ ಅಜ್ಜಿ. ಇವರನ್ನೆಲ್ಲ ನಾನು ಬೈದೇ ತಿದ್ದಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಮೊದಲಿನಿಂದಲೂ. ಬೈಸಿಕೊಂಡವರು ಮತ್ತೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು, ಆ ಹುಡುಗಿ ಬಯ್ದರೂ ಬಿಡಿಸಿ ಹೇಳ್ತಾಳೆ ಅಂತ. ನನಗೆ ಕೊಂಬು ಬಂದಿತ್ತು ಎಂದರೂ ಸರಿಯೇ.

ಶಾಂತಕ್ಕ ಜುಲೈ ಮೊದಲ ವಾರದಲ್ಲಿ ಬಂದರು. ಗದಗಿನ ಕಡೆಯವರು, ನಲವತ್ತೈದರ ಆಸುಪಾಸು. ಬಿಟಿಎಂ ಲೇಔಟಿನ ಒಂದು ಲೇಡೀಸ್ ಪಿಜಿಯಲ್ಲಿ ಅಡುಗೆ ಕೆಲಸ. ಅಡುಗೆಮನೆಯ ಹಿಂದಿನ ಕೋಣೆಯಲ್ಲೇ ಅವರೂ ಮಗಳು ಸುಧಾಳೂ ಇದ್ದರು. ಸುಧಾ ಜಯನಗರದ ಕಾಲೇಜಿನಲ್ಲಿ ಎರಡನೇ ಪಿಯುಸಿ ಸೈನ್ಸ್ ಓದುತ್ತಿದ್ದಳು. ಕೆಲಸ ಇದ್ದರೆ ಕೋಣೆ, ಕೋಣೆ ಇದ್ದರೆ ಮಗಳ ಕಾಲೇಜು. ಇದನ್ನು ಶಾಂತಕ್ಕ ಮೊದಲ ದಿನವೇ ಹೇಳಿದ್ದರು. ಅದಕ್ಕೇ ಈ ದಮ್ಮು ಬೇಗ ಹೋಗಬೇಕು, ಸುಧಾಳ ಪರೀಕ್ಷೆ ಮುಗಿಯೋವರೆಗಾದರೂ ನಾನು ಗಟ್ಟಿ ಇರಬೇಕು ಎಂದು ಒಂದು ಕೈ ಎದೆಯ ಮೇಲಿಟ್ಟುಕೊಂಡು ಹೇಳಿದರು. ಮಾತಿನ ನಡುವೆ ಉಸಿರು ಸಿಳ್ಳೆ ಹಾಕುತ್ತಿತ್ತು.

ಅವರು ಬಿಟಿಎಂನಿಂದ ಅಷ್ಟು ದೂರ ನಡೆದು ನಮ್ಮಲ್ಲಿಗೇ ಬರಲು ಕಾರಣವಿತ್ತು. ಉಬ್ಬಸಕ್ಕೆ ಡಾಕ್ಟರ್ ಬರೆದ ಕ್ಯಾಪ್ಸೂಲು ಡಬ್ಬಿಯಲ್ಲಿ ಬರುತ್ತದೆ. ಬೇರೆ ಅಂಗಡಿಗಳು ಪೂರ್ತಿ ಡಬ್ಬಿಯೇ ತಗೊಳ್ಳಿ ಅನ್ನುತ್ತಿದ್ದವು. ನಾವು ಬಿಡಿಯಾಗಿ ಕೊಡುತ್ತಿದ್ದೆವು. ಹತ್ತು ಬೇಕಾದರೆ ಹತ್ತು ಎಣಿಸಿ ಸಣ್ಣ ಕವರಿಗೆ ಹಾಕಿ ಕೊಡುವುದು. ಇದು ನನ್ನದೇ ಏರ್ಪಾಡು, ಪ್ರಕಾಶ್ ಸಾರ್ ಜೊತೆ ಜಗಳವಾಡಿ ಮಾಡಿಸಿದ್ದು. ಬಡವರು ಪೂರ್ತಿ ಡಬ್ಬಿ ಕೊಳ್ಳಲಾಗದೆ ಔಷಧಿಯನ್ನೇ ಬಿಡಬಾರದು ಎಂದು ವಾದಿಸಿದ್ದೆ. ಡಬ್ಬಿಯ ಮೇಲೆ ಆ ಕ್ಯಾಪ್ಸೂಲನ್ನು ಹೇಗೆ ಬಳಸಬೇಕು ಎನ್ನುವುದರ ಚಿತ್ರವಿರುತ್ತದೆ. ಬಿಡಿಯಾಗಿ ಕೊಟ್ಟಾಗ ಆ ಚಿತ್ರ ನಮ್ಮ ಕಪಾಟಿನಲ್ಲೇ ಉಳಿಯುತ್ತದೆ. ಇಷ್ಟು ಸರಳವಾದ ವಿಷಯ ನನ್ನ ತಲೆಗೆ ಹೋಗಲೇ ಇಲ್ಲ. ದಯೆ ತೋರಿಸುವ ಹುರುಪಿನಲ್ಲಿದ್ದೆ.

ಶಾಂತಕ್ಕನ ಚೀಟಿಯಲ್ಲಿ ಮೂರು ಸಾಲಿತ್ತು. ಒಂದು ಮಾತ್ರೆ, ಒಂದು ಕ್ಯಾಪ್ಸೂಲು, ಕೊನೆಗೆ ಕ್ಯಾಪ್ಸೂಲು ಹಾಕಿಕೊಳ್ಳುವ ಸಾಧನದ ಹೆಸರು. ನಮ್ಮ ಕಸುಬಿನಲ್ಲಿ ಕೊಟ್ಟ ಔಷಧಿಯ ಪಕ್ಕ ಪೆನ್ನಿನಿಂದ ಟಿಕ್ ಹಾಕುವ ರೂಢಿ. ಮೊದಲ ಸಲ ಅವರು ಬೇರೆ ಅಂಗಡಿಯಲ್ಲಿ ತೆಗೆದುಕೊಂಡಿದ್ದರು, ಚೀಟಿಯ ಮೇಲೆ ಟಿಕ್ ಇತ್ತು. ನಾನು ಸಾಲುಗಳನ್ನು ಓದಿದೆ, ಟಿಕ್ ಕಂಡೆ, ಹಳೆಯ ರೋಗಿ, ಎಲ್ಲ ಕೊಟ್ಟಿದ್ದಾರೆ ಅಂದುಕೊಂಡೆ. ಆ ಮೇಲೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಪ್ರಕಾಶ್ ಸಾರ್ ಗಂಟಲು ಸರಿ ಮಾಡಿಕೊಂಡರೂ ಲೆಕ್ಕಿಸದೆ, ನಿಧಾನವಾಗಿ ಹೇಳಿದೆ. ಬೆಳಗ್ಗೆ ಒಂದು, ರಾತ್ರಿ ಒಂದು. ಉಸಿರು ಸರಿಹೋಯಿತು ಅಂತ ನಿಲ್ಲಿಸಬೇಡಿ. ತಗೊಂಡ ಮೇಲೆ ಮರೆಯದೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಹುಣ್ಣಾಗುತ್ತೆ. ಅದನ್ನೇ ಕವರಿನ ಮೇಲೆ ಕನ್ನಡದಲ್ಲಿ ಬರೆದೂ ಕೊಟ್ಟೆ. ಅವರು ಪ್ರತಿ ಮಾತಿಗೂ ಹೂಂರೀ, ಹೂಂರೀ ಎನ್ನುತ್ತಾ ಕೇಳಿದರು. ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ ಅಂದರು. ನನಗೆ ಖುಷಿಯಾಯಿತು.

ಹತ್ತು ದಿನಕ್ಕೊಮ್ಮೆ ಬರುತ್ತಿದ್ದರು. ಪ್ರತಿ ಸಲವೂ ಮೊದಲಿಗಿಂತ ಸೊರಗಿರುತ್ತಿದ್ದರು. ಆಗಸ್ಟಿನಲ್ಲಿ ಮೆಟ್ಟಿಲು ಹತ್ತುವಾಗ ಒಮ್ಮೆ ನಿಂತು ಹತ್ತುವಂತಾಯಿತು. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ ಅಂದರು. ಕ್ಲಿನಿಕ್ಕಿನ ಡಾಕ್ಟರು ಕ್ಯಾಪ್ಸೂಲು ತಗೊಳ್ತಿದ್ದೀರಾ ಎಂದು ಕೇಳಿದರಂತೆ. ಹೌದು ಅಂದಿದ್ದಕ್ಕೆ ಅದೇ ಚೀಟಿಯಲ್ಲಿ ಪ್ರಮಾಣ ತಿದ್ದಿ ಇನ್ನೂ ಜೋರಿನದು ಬರೆದುಕೊಟ್ಟರು. ನಾನು ಜೋರಿನದನ್ನು ಎಣಿಸಿ ಕವರಿಗೆ ಹಾಕಿದೆ, ಮತ್ತೆ ಬಾಯಿ ಮುಕ್ಕಳಿಸುವುದನ್ನು ನೆನಪಿಸಿದೆ. ಪಿಜಿಯ ಹುಡುಗಿಯರು ಗೊಣಗಲು ಶುರು ಮಾಡಿದ್ದಾರೆ, ಕೆಮ್ಮುವವರ ಕೈಯ ಊಟ ಹೇಗೆ ಮಾಡೋದು ಅಂತ ಮನೆಗೆ ಫೋನ್ ಮಾಡಿದ್ದಾರೆ ಎಂದು ಶಾಂತಕ್ಕ ಹೇಳಿದ್ದು ಆಗಲೇ. ರೊಟ್ಟಿ ಬಡಿಯುವಾಗ ಕೆಮ್ಮು ಬಂದರೆ ಹಿತ್ತಲಿಗೆ ಓಡಿ ಮಳೆಯಲ್ಲೇ ನಿಂತು ಕೆಮ್ಮಿ ಬರುತ್ತಿದ್ದರಂತೆ. ಮಳೆಯಲ್ಲಿ ನಿಂತಿದ್ದಕ್ಕೆ ಇನ್ನಷ್ಟು ಕೆಮ್ಮು.

ಸೆಪ್ಟೆಂಬರಿನಲ್ಲಿ ಒಂದು ದಿನ ನಾನು ಅವರನ್ನು ಬೈದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಇಷ್ಟು ಒಳ್ಳೆ ಔಷಧಿಗೂ ಕಡಿಮೆಯಾಗಿಲ್ಲ ಅಂದರೆ ನೀವು ನಡುನಡುವೆ ಬಿಡ್ತಿದ್ದೀರಿ, ಮಗಳ ಓದು ಅಂತೀರಿ, ನಿಮ್ಮ ಉಸಿರಿನ ಬಗ್ಗೆ ಕಾಳಜಿ ಇಲ್ಲ ಅಂದೆ. ಅಂಗಡಿಯಲ್ಲಿ ಐದಾರು ಜನರಿದ್ದರು, ಎಲ್ಲರಿಗೂ ಕೇಳುವಂತೆಯೇ ಅಂದೆ. ಶಾಂತಕ್ಕ ಸೆರಗಿನ ಗಂಟಿನಿಂದ ಹಳೆಯ ಕವರು ತೆಗೆದು ಕೌಂಟರಿನ ಮೇಲೆ ಬಿಚ್ಚಿಟ್ಟರು. ಅವತ್ತಿನ ರಾತ್ರಿಯದೊಂದು ಉಳಿದಿತ್ತು. ಒಂದೂ ಹೆಚ್ಚಿರಲಿಲ್ಲ.

"ತಪ್ಪಿಸಿಲ್ರೀ ಮೇಡಮ್ಮಾರ. ನೀವ ಹೇಳಿದ್ದು ಒಂದೂ ಬಿಟ್ಟಿಲ್ಲ ನಾ," ಅಂದರು.

ಆಗಲಾದರೂ ನಾನು ಕೇಳಬೇಕಿತ್ತು. ಹೇಗೆ ತಗೊಳ್ತೀರಿ ಶಾಂತಕ್ಕ, ಒಂದು ಸಲ ತೋರಿಸಿ ಅನ್ನಬೇಕಿತ್ತು. ಒಂದೇ ಮಾತು. ಅದರ ಬದಲು, ಹಾಗಾದರೆ ದೊಡ್ಡ ಆಸ್ಪತ್ರೆಗೆ ತೋರಿಸಿ ಅಂದೆ. ಅವರ ಹಿಂದೆ ಕ್ಯೂ ಬೆಳೆದಿತ್ತು.

ಅಕ್ಟೋಬರಿನ ಎರಡನೇ ವಾರ, ಮಧ್ಯಾಹ್ನ. ಮಳೆ ಆಗಷ್ಟೇ ನಿಂತಿತ್ತು. ಶಾಂತಕ್ಕ ಬಂದು, ಈ ಸಲ ಒಂದು ತಿಂಗಳದ್ದು ಕೊಡಿ ಅಂದರು. ಪಿಜಿಯಿಂದ ತಿಂಗಳ ಕೊನೆಗೆ ಬಿಡಿಸುತ್ತಿದ್ದಾರೆ, ಊರಿಗೆ ಹೋಗುವುದು, ಅಲ್ಲಿ ಈ ಗುಳಿಗೆ ಸಿಗುತ್ತದೋ ಇಲ್ಲವೋ. ಮತ್ತೆ ಸುಧಾ ಎಂದು ನಾನು ಕೇಳಿದ್ದಕ್ಕೆ, ಅಕಿನೂ ಬರ್ತಾಳ್ರಿ, ಇಲ್ಲಿ ಯಾರ ಮನ್ಯಾಗ ಬಿಡ್ಲಿ ಅಂದರು. ಹೇಳುತ್ತಾ ಹೇಳುತ್ತಾ ಕೆಮ್ಮು ಒತ್ತಿಕೊಂಡು ಬಂತು. ಸ್ಟೂಲಿನ ಮೇಲೆ ಕೂರಿಸಿ ಒಂದು ಲೋಟ ನೀರು ಕೊಟ್ಟೆ. ಬೆಳಗ್ಗೆಯ ಗಡಿಬಿಡಿಯಲ್ಲಿ ತಗೊಂಡಿಲ್ಲ, ನೀರು ಹೆಂಗೂ ಐತಿ, ಈಗ ತಗೋತೀನಿ ಎಂದು ಕವರಿನಿಂದ ಒಂದು ಕ್ಯಾಪ್ಸೂಲು ತೆಗೆದರು. ನಾಲಿಗೆಯ ಮೇಲಿಟ್ಟುಕೊಂಡರು. ತಲೆ ಹಿಂದಕ್ಕೆ ಒಗೆದು ನೀರಿನೊಂದಿಗೆ ನುಂಗಿದರು. ಆಮೇಲೆ ಉಳಿದ ನೀರನ್ನು ಬಾಯಿಗೆ ಹಾಕಿಕೊಂಡು, ಎದ್ದು ಚರಂಡಿಯ ತನಕ ಹೋಗಿ, ಚೆನ್ನಾಗಿ ಮುಕ್ಕಳಿಸಿ, ಉಗಿದು ಬಂದರು.

ಆ ಕ್ಯಾಪ್ಸೂಲು ನುಂಗುವುದಲ್ಲ. ಅದನ್ನು ಅಂಗೈಯಷ್ಟಿರುವ ಪ್ಲಾಸ್ಟಿಕ್ ಸಾಧನದಲ್ಲಿ ಹಾಕಿ, ಬಾಯಲ್ಲಿಟ್ಟು, ಒಳಗಿನ ಪುಡಿಯನ್ನು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆಗೆ ಹೋದರೆ ಉಸಿರಿಗೆ ಏನೂ ಸಿಗುವುದಿಲ್ಲ. ನೂರು ದಿನ ಅವರು ಎರಡು ಹೊತ್ತು ತಪ್ಪದೆ ಅದನ್ನು ನುಂಗಿದ್ದರು. ನೂರು ದಿನ ನಾನು ಹೇಳಿದ ಹಾಗೆ ಬಾಯಿ ಮುಕ್ಕಳಿಸಿದ್ದರು. ನಾನು ಎಲ್ಲ ಹೇಳಿದ್ದೆ, ಮೊದಲನೆಯದೊಂದನ್ನು ಬಿಟ್ಟು. ಅದು ಗೊತ್ತೇ ಇರುತ್ತದೆ ಅಂದುಕೊಂಡಿದ್ದೆ.

ಎಳೆಯುವ ಮಷೀನು ಎಲ್ಲಿದೆ ಎಂದು ಕೇಳಿದೆ. ಯಾವ ಮಷೀನ್ರೀ ಅಂದರು. ಚೀಟಿ ಕೊಡಿ ಅಂದೆ. ಮಡಿಕೆಗಳಲ್ಲಿ ಹರಿದು, ನೀರು ಕುಡಿದು ಮಸುಕಾಗಿದ್ದ ಚೀಟಿ. ಮೊದಲ ಎರಡು ಸಾಲಿಗೆ ಟಿಕ್ ಇತ್ತು, ಮೂರನೆಯದಕ್ಕೆ ಇರಲಿಲ್ಲ. ಅದು ಸ್ಟಾಕ್ ಇಲ್ಲ, ಆಮ್ಯಾಲೆ ಬರ್ರಿ ಎಂದು ಆ ಮೊದಲ ಅಂಗಡಿಯವನು ಹೇಳಿದ್ದನಂತೆ, ಅದು ಏನು ಎತ್ತ ಎಂದು ಹೇಳಿರಲಿಲ್ಲ. ಆ ಚೀಟಿ ಎಷ್ಟು ಸಲ ನನ್ನ ಕೈಗೆ ಬಂದು ಹೋಗಿತ್ತೋ. ಮನೆಯಲ್ಲಿ ಓದಿದ ಮಗಳಿದ್ದಳಲ್ಲ ಎಂದು ಯಾರಾದರೂ ಕೇಳಬಹುದು. ಅವಳಿಗೆ ಓದಲು ಕವರಿನ ಮೇಲೆ ನನ್ನ ದುಂಡು ಅಕ್ಷರ ಬಿಟ್ಟರೆ ಏನೂ ಇರಲಿಲ್ಲ. ಅದರಲ್ಲಿ ಎಳೆಯಿರಿ ಎಂಬ ಶಬ್ದ ಇರಲಿಲ್ಲ.

ಕಪಾಟಿನಿಂದ ಒಂದು ಸಾಧನ ತೆಗೆದು ಅಲ್ಲೇ ಕಲಿಸಿದೆ. ಹಾಕಿ, ತಿರುಗಿಸಿ, ಉಸಿರೆಲ್ಲ ಹೊರಗೆ ಬಿಟ್ಟು, ತುಟಿ ಬಿಗಿ ಹಿಡಿದು, ಜೋರಾಗಿ ಒಳಗೆಳೆದು, ಹತ್ತು ಎಣಿಸುವ ತನಕ ಹಿಡಿದುಕೊಳ್ಳಿ. ಮೊದಲ ಎರಡು ಸಲ ಅವರು ಎಳೆಯುವ ಬದಲು ಊದಿದರು, ಪುಡಿಯೆಲ್ಲ ಗಲ್ಲಕ್ಕೆ ಹಾರಿತು. ಮೂರನೆಯ ಸಲ ಸರಿಯಾಯಿತು. ಆಮೇಲೆ ಗಲ್ಲದ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿಕೊಂಡರು.

"ನಂದ ತಪ್ಪ ಆತಲ್ರೀ. ನಾ ಕೇಳಬೇಕಾಗಿತ್ತು," ಅಂದರು.

ಇಷ್ಟು ವರ್ಷದಲ್ಲಿ ನನಗೆ ಬಂದಿರುವ ಎಲ್ಲ ಸಿಟ್ಟಿನಲ್ಲೂ ಆ ಕ್ಷಣದ್ದು ದೊಡ್ಡದು. ಅವರು ನನ್ನ ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಆದರೆ ಅವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲವಾದ್ದರಿಂದ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ಪ್ರಕಾಶ್ ಸಾರ್ ಮೇಲೆ ಕೂಗಾಡಿದೆ, ನಿಮ್ಮ ಕ್ಯೂಗೆ ಬೆಂಕಿ ಬೀಳಲಿ ಅಂದೆ. ಅವರು ತಣ್ಣಗೆ, ಅವರಿಗೇನೂ ಆಗಿಲ್ವಲ್ಲಮ್ಮ, ನೀರು ಕುಡಿ ಅಂದರು. ಆ ಚೀಟಿ ಹಿಡಿದು, ಮತ್ತೆ ಶುರುವಾದ ಮಳೆಯಲ್ಲಿ ನಡೆದುಕೊಂಡು ಕ್ಲಿನಿಕ್ಕಿಗೆ ಹೋಗಿ ಡಾಕ್ಟರನ್ನೂ ಕೇಳಿದೆ, ಜೋರಿನ ಔಷಧಿ ಬರೆಯುವ ಮೊದಲು ಒಂದು ಸಲ ನೋಡಬಾರದಿತ್ತೇ ಎಂದು. ಅವರು ಚೀಟಿಯ ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. ನಾನು ಬರೆದಿದ್ದೀನಿ, ಕೊಡದೆ ಇದ್ದದ್ದು ನೀವು, ಅಂದರು. ಚೀಟಿ ಕಿತ್ತುಕೊಂಡು ಹೊರಬಿದ್ದೆ. ಆ ಮೊದಲ ಅಂಗಡಿಗೂ ಹೋಗಿ ಜಗಳ ತೆಗೆದೆ. ಅವರಿಗೆ ಶಾಂತಕ್ಕ ಯಾರೆಂದೇ ನೆನಪಿರಲಿಲ್ಲ.

ಔಷಧಿ ಮಾತ್ರ ತನ್ನ ಕೆಲಸ ಮಾಡಿತು. ಐದನೆಯ ದಿನಕ್ಕೆ ಶಾಂತಕ್ಕ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದರು. ಹತ್ತನೆಯ ದಿನಕ್ಕೆ ನಮ್ಮ ಮೆಟ್ಟಿಲನ್ನು ನಿಲ್ಲದೆ ಹತ್ತಿ ಬಂದು, ನೋಡ್ರಿ ಎಂದು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಆಗಲೇ ಮೊದಲು. ಹಾಗಾದರೆ ಕೆಲಸ ಉಳಿಸಿಕೊಳ್ಳೋಣ, ನಡೀರಿ, ನಾನೇ ಬಂದು ಹೇಳ್ತೀನಿ ಅಂದೆ. ಅವತ್ತು ಸಂಜೆ ಇಬ್ಬರೂ ಬಿಟಿಎಂಗೆ ಹೋದೆವು.

ಪಿಜಿ ನೋಡಿಕೊಳ್ಳುತ್ತಿದ್ದ ಮಂಜುಳಾ ಆಂಟಿ ಖಾರದ ಹೆಂಗಸು ಎಂದುಕೊಂಡು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಕೂರಿಸಿ ಕಾಫಿ ಕೊಟ್ಟರು. ಶಾಂತಮ್ಮನಂಥ ಅಡುಗೆಯವರು ತಮಗೆ ಮತ್ತೆ ಸಿಗುವುದಿಲ್ಲ ಎಂದು ಅವರೇ ಹೇಳಿದರು. ಇದು ಅಂಟುವ ಕಾಯಿಲೆಯಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದ ಕಾಗದವೂ ಅವರ ಹತ್ತಿರವಿತ್ತು. ಆದರೆ ಹುಡುಗಿಯರ ಮನೆಯವರು ನಂಬುತ್ತಿರಲಿಲ್ಲ. ಮೂರು ತಿಂಗಳು ಔಷಧಿ ತಿಂದರೂ ಹೋಗದ ಕೆಮ್ಮು ಸಾಮಾನ್ಯದ್ದಲ್ಲ, ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ ಎನ್ನುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಂಟಿ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಇದನ್ನೇ ಒಂದು ಕಾಗದದಲ್ಲಿ ಬರ್ಕೊಡಿ ಮೇಡಂ. ಮೂರು ತಿಂಗಳು ಔಷಧಿ ತಗೊಂಡಿದ್ದೇ ತಪ್ಪು ಥರದಲ್ಲಿ, ನಮ್ಮ ಅಂಗಡಿಯಲ್ಲಿ ಸರಿಯಾಗಿ ಹೇಳಿರ್ಲಿಲ್ಲ, ಈಗ ಸರಿಯಾಗಿದೆ ಅಂತ. ಅಂಗಡಿ ಸೀಲ್ ಹಾಕಿ, ನಿಮ್ಮ ಸೈನ್ ಹಾಕಿ. ಅದನ್ನ ತೋರಿಸಿ ನಾನು ಎಲ್ಲರ ಬಾಯಿ ಮುಚ್ಚಿಸ್ತೀನಿ."

ನಾಳೆಯೇ ಕೊಡುತ್ತೇನೆ ಅಂದೆ. ಶಾಂತಕ್ಕ ಬಾಗಿಲಲ್ಲಿ ನಿಂತಿದ್ದರು, ಅವರ ಹಿಂದೆ ಸುಧಾ. ಸುಧಾ ಅವತ್ತು ನನಗೆ ಥ್ಯಾಂಕ್ಸ್ ಅಕ್ಕ ಅಂದಳು.

ಮರುದಿನ ಕಾಗದದ ವಿಷಯ ಹೇಳಿದಾಗ ಪ್ರಕಾಶ್ ಸಾರ್ ಗಂಟಲು ಸರಿ ಮಾಡಿಕೊಳ್ಳಲಿಲ್ಲ. ಪಕ್ಕಕ್ಕೆ ಕರೆದು ಮಗಳಿಗೆ ಹೇಳುವ ಹಾಗೆ ಹೇಳಿದರು. "ಬಾಯಲ್ಲಿ ಎಷ್ಟು ಬೇಕಾದ್ರೂ ಹೇಳಮ್ಮ, ನಾನೂ ಬಂದು ಹೇಳ್ತೀನಿ. ಬರೀಬೇಡ. ಬರೆದ್ರೆ ಅದು ಅಂಗಡಿ ಮೇಲೆ ಬರಲ್ಲ, ನಿನ್ನ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ ನಂಬರ್ ಮೇಲೆ ಬರುತ್ತೆ. ನಾಳೆ ಯಾರಾದ್ರೂ ಅದನ್ನ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ನಿನ್ನ ಓದು ನೀರುಪಾಲಾಯ್ತು."

ಸೀಲ್ ಕೊಡುವುದಿಲ್ಲ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಸೀಲು ಮೇಜಿನ ಡ್ರಾಯರಿನಲ್ಲೇ ಇತ್ತು, ಡ್ರಾಯರಿಗೆ ಬೀಗವಿರಲಿಲ್ಲ. ನಾನು ಎರಡು ಸಲ ಬರೆಯಲು ಕೂತೆ. ಮೊದಲ ಸಲ, ರೋಗಿಯು ತಪ್ಪು ತಿಳುವಳಿಕೆಯಿಂದ ಎಂದು ಬರೆದು, ಅದು ಸುಳ್ಳೆಂದು ಹರಿದು ಹಾಕಿದೆ. ಎರಡನೆಯ ಸಲ, ನಾನು ಎಂದು ಬರೆದೆ. ಆ ಶಬ್ದದ ಮುಂದೆ ಪೆನ್ನು ಹೋಗಲಿಲ್ಲ. ಬೇಗೂರಿನಲ್ಲಿ ಅಪ್ಪ ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದು ಕಣ್ಣ ಮುಂದೆ ಬಂತು. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ನಾನು. ನೆವ ಸಿಕ್ಕಿತು, ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿದೆ. ಬರೀ ನಾನು ಎಂದು ಬರೆದಿದ್ದ ಕಾಗದ.

ಇಷ್ಟು ಹೊತ್ತು ನಾನು ಬೈದವರ ಸಾಲು ಉದ್ದವಿದೆ. ಕಾಲೇಜು, ಓನರು, ಡಾಕ್ಟರು, ಸ್ಟಾಕ್ ಇಲ್ಲ ಎಂದವನು, ಜೆ.ಪಿ. ನಗರದ ಫೋನಿನ ಮನುಷ್ಯ. ಒಬ್ಬರ ಮೇಲಿನದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ಬೈಗುಳಕ್ಕೆ ಯೋಗ್ಯರೇ. ಆದರೆ ಹೇಳದೆ ಬಿಟ್ಟದ್ದು ನನ್ನ ತಪ್ಪು ಮಾತ್ರ, ಬರೆಯದೆ ಬಿಟ್ಟದ್ದು ನನ್ನ ಹೇಡಿತನ. ತಪ್ಪಿಗೆ ನೂರು ಜನ ಪಾಲುದಾರರು ಸಿಗುತ್ತಾರೆ. ಇದಕ್ಕೆ ಯಾರೂ ಸಿಗಲಿಲ್ಲ.

ತಿಂಗಳ ಕೊನೆಯ ದಿನ ಮಳೆ ಹಿಂದೆಗೆದು ಬಿಸಿಲು ಬಿದ್ದಿತ್ತು. ಶಾಂತಕ್ಕ ಹನ್ನೊಂದರ ಹೊತ್ತಿಗೆ ಬಂದರು. ಸುಧಾ ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೆ ಒಂದು ಬ್ಯಾಗು ಕಾಲ ಬಳಿ ಇಟ್ಟುಕೊಂಡು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಾಲೇಜಿನಲ್ಲಿ ಟಿ.ಸಿ. ತಗೊಂಡು ಬಂದೆವು, ಸಂಜೆ ಗದಗಿನ ಬಸ್ಸಿಗೆ ಹೊರಡುವುದು ಎಂದು ಶಾಂತಕ್ಕ ಹೇಳಿದರು. ನಾನು ಎರಡು ತಿಂಗಳ ಕ್ಯಾಪ್ಸೂಲು ಕೊಟ್ಟೆ, ಈ ಸಲ ಪೂರ್ತಿ ಡಬ್ಬಿಗಳು. ಊರಿನ ಅಂಗಡಿಯಲ್ಲಿ ತೋರಿಸಲು ಎಲ್ಲವನ್ನೂ ಚೀಟಿಯಲ್ಲಿ ಬರೆದೆ. ಅದನ್ನೆಲ್ಲ ಬರೆಯಲು ನನ್ನ ಪೆನ್ನು ಸಲೀಸಾಗಿ ಓಡಿತು.

ಅವರು ಹೊರಡಲಿಲ್ಲ. ಚೀಲದಿಂದ ಸಾಧನ ತೆಗೆದರು. ನಾನು ಕೇಳಿರಲಿಲ್ಲ. ಕ್ಯಾಪ್ಸೂಲು ಹಾಕಿ ತಿರುಗಿಸಿದರು, ಉಸಿರು ಹೊರಗೆ ಬಿಟ್ಟರು, ತುಟಿ ಬಿಗಿ ಹಿಡಿದು ಎಳೆದರು, ಕಣ್ಣು ಮುಚ್ಚಿ ಬೆರಳ ಗೆಣ್ಣುಗಳ ಮೇಲೆ ಹತ್ತು ಎಣಿಸಿದರು. ನಿಧಾನವಾಗಿ ಉಸಿರು ಬಿಟ್ಟು, ಬರೋಬ್ಬರಿ ಆತೇನ್ರೀ ಎಂದು ಕೇಳಿದರು. ಬಾಳ ಚೆನ್ನಾಗಿ ಮಾಡಿದ್ರಿ ಶಾಂತಕ್ಕ ಅಂದೆ. ಅವರು ಸಾಧನವನ್ನು ಒರೆಸಿ ಡಬ್ಬಿಗೆ ಹಾಕಿದರು. ಆಮೇಲೆ ದನಿ ತಗ್ಗಿಸಿ, ಪ್ರಕಾಶ್ ಸಾರ್‌ಗೆ ಕೇಳದ ಹಾಗೆ ಕೇಳಿದರು.

"ಆ ಕಾಗದ ಬರ್ದಿಟ್ಟಿದ್ರ ಕೊಡ್ರಿ ಮೇಡಮ್ಮಾರ. ಮಂಜುಳಕ್ಕಾರು ಇವತ್ತ ಸಂಜೀತನಕ ದಾರಿ ನೋಡ್ತೀನಿ ಅಂದಾರ. ಟಿ.ಸಿ. ವಾಪಸ್ ಕೊಟ್ರ ಕಾಲೇಜಿನ್ಯಾಗ ತಿರುಗಿ ತಗೋತಾರಂತ, ಸುಧಾ ಕೇಳ್ಕೊಂಡ ಬಂದಾಳ."

"ನಾಳೆ ಕೊಡ್ತೀನಿ ಶಾಂತಕ್ಕ," ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ, ನಾನು ಏನು ಹೇಳಿದರೂ ಹೇಳುತ್ತಿದ್ದ ಹಾಗೆ, ಹೂಂರೀ ಅಂದರು.